ಕರಿ ಅಂಚಿನ ಕಾಗದ

ಬಾಯಾರು ತೀರಿಕೊಂಡರೆಂದು ನನಗೆ ಯಾರೂ ತಿಳಿಸಿಲ್ಲ. ತಿಳಿಸುವವರು ಅವರ ದೇಶದಲ್ಲಿ ಯಾರೂ ಉಳಿದಿರಲಿಕ್ಕೂ ಇಲ್ಲ. ಇದ್ದಿದ್ದರೆ ಈಗ ಅವರಿಗೆ ನೂರು ದಾಟಿ ನಾಲ್ಕಾರು ವರ್ಷ ಆಗಿರುತ್ತಿತ್ತು. ಅಷ್ಟು ದಿನ ಬದುಕುವ ಪೈಕಿ ಅಲ್ಲ ಅವರು, ಹೊತ್ತಿಗೆ ಸರಿಯಾಗಿ ಊಟವನ್ನೇ ಮಾಡುತ್ತಿರಲಿಲ್ಲ. ಹೀಗಾಗಿ ಇಲ್ಲವೆಂದು ನಾನೇ ತೀರ್ಮಾನ ಮಾಡಿ, ಹೋದ ವರ್ಷ ಒಂದು ಬೆಳಿಗ್ಗೆ ತಲೆಯ ಮೇಲೆ ನೀರು ಹಾಕಿಕೊಂಡೆ. ನಮ್ಮ ಮನೆಯವರು ಪೇಪರ್ ಕೆಳಗಿಟ್ಟು, "ಯಾರು ಹೋದ್ರ?" ಎಂದು ಕೇಳಿದರು.

"ನಮ್ಮ ಬಾಯಾರು."

"ಫೋನ್ ಬಂತೇನ?"

"ಇಲ್ರಿ."

ಅವರು ನನ್ನ ಮುಖ ನೋಡಿ ಮತ್ತೆ ಪೇಪರ್ ಎತ್ತಿಕೊಂಡರು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಗಂಡಸರು ಅಷ್ಟಾದರೂ ಕಲಿತಿರುತ್ತಾರೆ.

ಬಾಯಾರ ಹೆಸರು ನಾನು ಬರೆಯುವುದಿಲ್ಲ. ನಮ್ಮೂರು ಇಂಡಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇಲ್ಲ, ಎಲ್ಲರಿಗೂ ಅವರು ಬಾಯಾರು, ಅಂದರೆ ಅಮ್ಮನವರು. ಬರಗಾಲದ ವರ್ಷ ಹೊರದೇಶದ ತಂಡವೊಂದು ಜೀಪಿನಲ್ಲಿ ಹಾಲಿನ ಪುಡಿ, ಗುಳಿಗೆ ತುಂಬಿಕೊಂಡು ನಮ್ಮೂರಿಗೆ ಬಂತು. ಮಳೆಯಾಯಿತು, ತಂಡ ಹೋಯಿತು, ಇವರೊಬ್ಬರು ಉಳಿದರು. ಐವತ್ತು ದಾಟಿದ ಹೆಂಗಸು, ಗಂಡಸರ ಹಾಗೆ ಕತ್ತರಿಸಿದ ನರೆಗೂದಲು, ಮೈಮೇಲೆ ಯಾವಾಗಲೂ ಬೂದಿ ಬಣ್ಣದ ಒಂದು ಅಂಗಿ. ಹಳ್ಳಿಯ ಸೂಲಗಿತ್ತಿಯರಿಗೆ ಕೈ ತೊಳೆದು, ಬ್ಲೇಡು ಕುದಿಸಿ, ಹೊಕ್ಕಳುಬಳ್ಳಿ ಕತ್ತರಿಸುವುದನ್ನು ಕಲಿಸುವುದು ಅವರ ಕೆಲಸ. ಆಗಷ್ಟೇ ನರ್ಸಿಂಗ್ ಮುಗಿಸಿ ಬಂದಿದ್ದ ನನ್ನನ್ನು ಅವರ ಜೊತೆಗೆ ಹಾಕಿದರು. ನಮ್ಮ ಮನೆಯ ಹೊರಗಿನ ಖೋಲಿ ಖಾಲಿ ಇತ್ತು, ಅದರಲ್ಲೇ ಇದ್ದರು. ಸೋಮವಾರ ಸಿಂದಗಿ ಕಡೆ, ಬುಧವಾರ ಬಸವನ ಬಾಗೇವಾಡಿ, ತಿಂಗಳಿಗೊಮ್ಮೆ ನಾಲ್ಕೈದು ದಿನ ಮುದ್ದೇಬಿಹಾಳ ತಾಲೂಕಿನಲ್ಲಿ ವಸತಿ. ಬಸ್ಸಿನ ಧೂಳು ತಿಂದು ತಿಂದು ನಾನು ಸೊರಗಿದೆ, ಅವರು ಮೊದಲೇ ಸೊರಗಿದ್ದರು.

ಅವರ ಕನ್ನಡ ಸೂಲಗಿತ್ತಿಯರಿಂದ ಕಲಿತ ಕನ್ನಡ. ಅದರಲ್ಲಿ 'ರಿ' ಎಂಬುದೇ ಇರಲಿಲ್ಲ. ದೊಡ್ಡ ಡಾಕ್ಟರಿಗೂ "ಬಾ, ಕುಂದ್ರು", ಎಮ್ಮೆ ಕಾಯುವವನಿಗೂ "ಬಾ, ಕುಂದ್ರು". ತಹಶೀಲ್ದಾರರು ಒಮ್ಮೆ ಕ್ಯಾಂಪು ನೋಡಲು ಬಂದಾಗ, "ನೀ ಕೈ ತೊಳಕೊಂಡಿ ಏನು?" ಎಂದು ಕೇಳಿಬಿಟ್ಟರು. ನಾನು ನೆಲ ನೋಡಿದೆ. ತಹಶೀಲ್ದಾರರು ಪಾಪ ಎದ್ದು ಹೋಗಿ ತೊಳೆದುಕೊಂಡು ಬಂದರು.

ಬಾಗೇವಾಡಿಯ ಸೂಲಗಿತ್ತಿಯರಿಗೆ ಗಡಿಯಾರ ಗೊತ್ತಿರಲಿಲ್ಲ. ಎಷ್ಟು ಹೊತ್ತು ಕೈ ತೊಳೆಯಬೇಕೆಂದು ಹೇಳುವುದು ಹೇಗೆ? ಒಬ್ಬ ಮುದುಕಿಯೇ ದಾರಿ ತೋರಿಸಿದಳು: ಸೋಬಾನದ ಒಂದು ನುಡಿ ಹಾಡಿ ಮುಗಿಯುವವರೆಗೆ. ಅಂದಿನಿಂದ ಬಾಯಾರು ಎಲ್ಲಿ ಕೈ ತೊಳೆದರೂ ಆ ನುಡಿಯನ್ನು ಹಾಡಿಯೇ ತೊಳೆಯುವರು. ರಾಗ ಒಂದು ದಿಕ್ಕಿಗೆ, ಮಾತು ಒಂದು ದಿಕ್ಕಿಗೆ. ನಮ್ಮವ್ವ ಒಳಗಿನಿಂದ, "ಯವ್ವಾ, ಮದಿಮಗಳು ಓಡಿಹೋಗ್ತಾಳ!" ಎಂದು ಕೂಗುತ್ತಿದ್ದಳು.

ಇಷ್ಟು ನಗೆಚಾಟಿಕೆಯ ನಡುವೆಯೂ ಅವರು ಒಂಟಿ. ಅದನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ನಾನು ಕಂಡವರಲ್ಲಿ ಅಷ್ಟು ಒಂಟಿಯಾದ ಜೀವ ಇನ್ನೊಂದಿಲ್ಲ. ಖೋಲಿಯಲ್ಲಿ ಒಂದು ಫೋಟೋ ಇಲ್ಲ. ಬಂದ ಕಾಗದವನ್ನು ಮೂರು ಸಲ ಓದುವರು, ಕಣ್ಣು ಮುಚ್ಚಿಕೊಂಡು ತುಟಿ ಆಡಿಸುವರು, ಆಮೇಲೆ ಕಡ್ಡಿ ಗೀರುವರು. ಹೊಟೇಲಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂಡ್ರುವವರಲ್ಲ. ಹೋದ ದಾರಿಯಲ್ಲೇ ತಿರುಗಿ ಬರುವವರಲ್ಲ. ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ನಾಲ್ಕು ದಾರಿಗಳಿವೆ ಎಂಬುದು ಹುಟ್ಟಿ ಬೆಳೆದ ನನಗೆ ಅವರಿಂದಲೇ ತಿಳಿಯಿತು. "ಪೊಲೀಸರು ಬೆನ್ನ ಹತ್ಯಾರೇನ್ರಿ ಬಾಯಾರ?" ಎಂದು ಚೇಷ್ಟೆ ಮಾಡುತ್ತಿದ್ದೆ.

ಒಂದು ದಿನ ಸಿಂದಗಿಯಿಂದ ಬರುವಾಗ ಬಸ್ಸು ಕೆಟ್ಟು ನಿಂತಿತು. ಜನ ಬೇವಿನ ನೆರಳಿಗೆ ಇಳಿದರು. ಅವತ್ತು ಹೇಳಿದರು. ಅವರದು ಸ್ಪೇನ್ ದೇಶ. ಅಲ್ಲಿ ಮಂದಿ ಮಂದಿಯೇ ಎರಡು ಭಾಗವಾಗಿ ಹೊಡೆದಾಡಿಕೊಂಡರಂತೆ. ಇವರದು ಸೋತ ಕಡೆ. ಗೆದ್ದವನು ದೇಶವನ್ನು ಮುಷ್ಟಿಯಲ್ಲಿ ಹಿಡಿದು ಕುಳಿತ. ಇಪ್ಪತ್ತರ ಹುಡುಗಿ ಅವ್ವನನ್ನೂ ಆರು ವರ್ಷದ ತಂಗಿಯನ್ನೂ ಬಿಟ್ಟು, ಹಿಮದ ಗುಡ್ಡ ಹತ್ತಿ ಇಳಿದು ಫ್ರಾನ್ಸ್ ಸೇರಿದಳು. ಅಲ್ಲಿಗೆ ಜರ್ಮನರ ದಂಡು ಬಂತು. ದಂಡಿಗೆ ಎದುರಾಗಿ ಕದ್ದು ಕೆಲಸ ಮಾಡುತ್ತಿದ್ದವರ ಜೊತೆ ಸೇರಿಕೊಂಡಳು. ಒಂದು ಊರಿನ ಸುದ್ದಿ ಇನ್ನೊಂದು ಊರಿಗೆ ಒಯ್ಯುವುದು ಅವಳ ಕೆಲಸ.

"ಬಂದೂಕ ಹೊಡದ್ರೇನ್ರಿ?" ಎಂದೆ. ನನಗೆ ಆಗ ಇಪ್ಪತ್ತೆರಡು, ಬಂದೂಕಿನ ಮೇಲೇ ಕಣ್ಣು.

"ಇಲ್ಲ. ಸೈಕಲ್ ಹೊಡದೆ. ಅಷ್ಟ."

ಅವರೇ ಮುಂದುವರಿಸಿದರು. "ನಮ್ಮಾಕಿ ಒಬ್ಬಾಕಿ ಕೋಟಿನಾಗ ಒಂದು ಚೀಟಿ ಇಟಗೊಂಡಿದ್ಲು. ಅಣ್ಣ ಬರದ ಚೀಟಿ. ಹರಿಯಾಕ ಮನಸ ಬರಲಿಲ್ಲ ಆಕಿಗೆ. ಹಿಡದ್ರು. ಆ ಚೀಟಿ ನೋಡಿ ಮೂರು ಮನಿ ಹುಡುಕಿದ್ರು. ಮೂರೂ ಮನಿ ಮಂದಿ ತಿರುಗಿ ಬರಲಿಲ್ಲ. ಅದಕ್ಕ ನಾ ಕಾಗದ ಇಡೂದಿಲ್ಲ. ಎಲ್ಲಾ ತಲ್ಯಾಗ ಇಡ್ತೇನಿ."

"ಈಗ ಯಾರು ಹಿಡಿತಾರ್ರಿ ನಿಮ್ಮನ್ನ, ಇಂಡ್ಯಾಗ?"

"ಯಾರೂ ಇಲ್ಲ. ಆದ್ರ ಕೈ ಕೇಳೂದಿಲ್ಲ," ಎಂದು ತಮ್ಮ ಕೈಯನ್ನೇ ನೋಡಿಕೊಂಡರು.

ಪಂಚಮಿಯ ಹಿಂದಿನ ದಿನ ಅವರನ್ನು ನೋಡಬೇಕಿತ್ತು. ಸಿಂದಗಿ ಬಸ್‌ಸ್ಟ್ಯಾಂಡ್ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು. ಕರೆಯಲು ಬಂದ ಅಣ್ಣಂದಿರು, ತಮ್ಮಂದಿರು, ಹೊಸ ಸೀರೆ, ಉಂಡಿಯ ಬುಟ್ಟಿ, ಗದ್ದಲ. ಬಾಯಾರು ಎರಡೂ ದಾರಿ ಕಾಣುವಂಥ ಮೂಲೆಯಲ್ಲಿ ಕುಳಿತು ಒಬ್ಬೊಬ್ಬರನ್ನೇ ನೋಡುತ್ತಿದ್ದರು. ನಮ್ಮ ಬಸ್ಸು ಬಂತು, ಏಳಲಿಲ್ಲ. ಎರಡನೆಯದೂ ಹೋಯಿತು.

"ನೀವು ಯಾವಾಗ ಹೋಗ್ತೀರಿ ಬಾಯಾರ, ತವರಮನಿಗೆ?"

"ಆ ಮನುಷ್ಯಾ ಸಾಯಬೇಕು. ಅವ ಇರೂತನಕ ಆ ನೆಲಾ ತುಳಿಯೂದಿಲ್ಲ ಅಂತ ಆಣಿ ಮಾಡೇನಿ. ಅವ್ವ ಬದುಕಬೇಕು, ಅವ ಸಾಯಬೇಕು. ಇಬ್ಬರಿಗೂ ವಯಸ್ಸಾಗೇತಿ. ಯಾರು ಮೊದಲು ಅಂತ ನೋಡಾಕತ್ತೇನಿ."

ಇದನ್ನು ಹೇಳಿ ಅವರು ನಕ್ಕರು. ನನಗೆ ನಗಲಾಗಲಿಲ್ಲ. ಮೂವತ್ತೈದು ವರ್ಷದಿಂದ ಒಬ್ಬ ಮನುಷ್ಯ ಇಂಥ ಪಂದ್ಯ ನೋಡುತ್ತ ಕೂಡ್ರುವುದೆಂದರೆ ಏನು?

ಪಂದ್ಯದಲ್ಲಿ ಅವ್ವನೇ ಗೆದ್ದಳು. ನಮ್ಮ ಓಣಿಯ ತುದಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುವ ಮೌಲಾಸಾಬರಿದ್ದರು. ಚಳಿಗಾಲದ ಒಂದು ಬೆಳಿಗ್ಗೆ ಅವರು ರೇಡಿಯೋ ಕೇಳಿ ಧೋತರ ಎತ್ತಿ ಹಿಡಿದುಕೊಂಡು ಬಂದು, "ಬಾಯಾರ, ನಿಮ್ಮ ದೇಶದ ಸರ್ವಾಧಿಕಾರಿ ಗುಜರ್ ಗಯಾ!" ಎಂದರು. ಬಾಯಾರು ಹಲ್ಲುಜ್ಜುತ್ತಿದ್ದರು. ಉಜ್ಜುವುದನ್ನು ಮುಗಿಸಿ, ಬಾಯಿ ಮುಕ್ಕಳಿಸಿ, ಪೇಟೆಗೆ ಹೋಗಿ ಒಂದು ಪೊಟ್ಟಣ ಪೇಢೆ ತಂದರು. ನಮ್ಮವ್ವ ಬಾಗಿಲಿಗೆ ಅಡ್ಡ ನಿಂತಳು.

"ಯಾರರ ಸಾಯಲಿ, ಎಂಥಾ ಪಾಪಿನರ ಸಾಯಲಿ. ಸಾವಿಗೆ ಪೇಢೆ ಹಂಚೂದಲ್ಲ. ನಮ್ಮ ಮನ್ಯಾಗ ಆಗೂದಿಲ್ಲ."

ಬಾಯಾರು ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಬಾಗೇವಾಡಿಗೆ ನಡೆದರು. ಅಲ್ಲಿ ಸೂಲಗಿತ್ತಿಯರಿಗೆ, "ಇವತ್ತು ನಾ ಹುಟ್ಟಿದ ದಿನ" ಎಂದು ಹಂಚಿದರು. ತಮಗಾಗಿ ಒಂದೂ ಉಳಿಸಿಕೊಳ್ಳಲಿಲ್ಲ. ಅದೇ ವಾರ ಊರಿಗೆ ಕಾಗದ ಬರೆದರು: ಪ್ರಯಾಣದ ಕಾಗದಪತ್ರ ಆಗಬೇಕು, ಬೇಸಿಗೆಗೆ ಬರುತ್ತೇನೆ, ಅವ್ವನಿಗೆ ಹೇಳು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ತಂಗಿ ಓದಿ ಹೇಳಬೇಕು.

ಇನ್ನು ನನ್ನ ಪಾಪದ ಸುದ್ದಿಗೆ ಬರುತ್ತೇನೆ.

ಶಿವರಾತ್ರಿ ಹತ್ತಿರವಿತ್ತು. ನಮ್ಮ ಅಕ್ಕ ಹೆರಿಗೆಗೆಂದು ಬಂದಿದ್ದಳು. ಆಕೆಗೆ ಮೊದಲಿನ ಎರಡೂ ದಕ್ಕಿರಲಿಲ್ಲ. ಇದು ಮೂರನೆಯದು, ದಿನ ತುಂಬಿದ್ದವು. ಮನೆಯಲ್ಲಿ ನಾವು ಸೀನಲೂ ಹೆದರುತ್ತಿದ್ದೆವು. ಬಾಯಾರು ಮುದ್ದೇಬಿಹಾಳದ ಕಡೆ ಹೋಗಿದ್ದರು, ಅಕ್ಕನ ಸಲುವಾಗಿ ನಾನು ಉಳಿದಿದ್ದೆ. ಮಧ್ಯಾಹ್ನ ಟಪಾಲಿನವನು ಬಂದ. ದಿನಾ ಒಳಗೆ ಬಂದು ನೀರು ಕುಡಿಯುವವನು ಅವತ್ತು ಬೀದಿಯಲ್ಲೇ ನಿಂತ. ಎರಡು ಬೆರಳಿನಿಂದ ಒಂದು ಲಕೋಟೆ ಹಿಡಿದಿದ್ದ. "ಬಾಯಾರದು. ಸುದ್ದಿ ಚಲೋ ಇದ್ದಂಗಿಲ್ರಿ," ಎಂದ. ಲಕೋಟೆಯ ನಾಲ್ಕೂ ಅಂಚಿಗೆ ಕರಿ ಪಟ್ಟಿ.

ನಮ್ಮ ಕಡೆ ಸಾವಿನ ಕಾಗದಕ್ಕೆ ಒಂದು ಮೂಲೆ ಹರಿದಿರುತ್ತದೆ. ಅದು ಹೊಸ್ತಿಲು ದಾಟಬಾರದು. ಹೊರಗೇ ಓದಿ, ಹೊರಗೇ ಹರಿದು ಹಾಕಿ, ತಲೆಯ ಮೇಲೆ ನೀರು ಸುರಿದುಕೊಂಡು ಒಳಗೆ ಬರಬೇಕು. ಇಟ್ಟುಕೊಂಡರೆ ಸಾವನ್ನು ಕರೆದು ಕೂಡ್ರಿಸಿದಂತೆ. ಬಸುರಿ ಇರುವ ಮನೆಯೆಂದರೆ ಕೇಳುವುದೇ ಬೇಡ. ಕರಿ ಪಟ್ಟಿಯ ಅರ್ಥವನ್ನು ನಮ್ಮವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹರಿ ಅದನ್ನ," ಎಂದಳು ಒಳಗಿನಿಂದಲೇ.

"ಬಾಯಾರು ಓದಿಲ್ಲವಾ."

"ಬಂದಮ್ಯಾಲ ಹೇಳಿದ್ರಾತು, ನಿಮ್ಮ ಮನ್ಯಾಗ ಒಬ್ಬರು ತೀರ್ಯಾರ ಅಂತ. ಕಾಗದದಾಗ ಇನ್ನೇನಿರತೈತಿ?"

"ಮೌಲಾಸಾಬರ ಅಂಗಡ್ಯಾಗ ಇಟ್ಟು ಬರ್ತೇನಿ."

"ಅವರ ಮನ್ಯಾಗ ಸಣ್ಣ ಕೂಸು ಐತಿ! ನಮ್ಮ ಪೀಡಾ ಅವರ ಮನಿಗೆ ಹಾಕ್ತೀ?"

ನಾನು ಕಲಿತವಳು. ಹಳ್ಳಿ ಹಳ್ಳಿ ತಿರುಗಿ ಮೂಢನಂಬಿಕೆ ಬಿಡಿರೆಂದು ಭಾಷಣ ಮಾಡುವವಳು. ಆದರೆ ಒಳಗೆ ಅಕ್ಕ ಗೋಡೆ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ಆ ಕಣ್ಣನ್ನು ಎದುರಿಸಲು ನನ್ನಿಂದ ಆಗಲಿಲ್ಲ. ಒಡೆಯದ ಲಕೋಟೆಯನ್ನು ನಾಲ್ಕು ತುಂಡು ಮಾಡಿ, ತಿಪ್ಪೆಯ ಬದಿಗೆ ಇಟ್ಟು ಕಡ್ಡಿ ಗೀರಿದೆ. ಬಚ್ಚಲಿಗೆ ಹೋಗಿ ತಣ್ಣೀರು ಸುರಿದುಕೊಂಡೆ.

ಮೂರನೆಯ ದಿನ ಬಾಯಾರು ಬಂದರು. ಅವರು ಕೈಚೀಲ ಇಳಿಸುವ ಹೊತ್ತಿಗೇ ಅಕ್ಕನಿಗೆ ನೋವು ಸುರುವಾಯಿತು. ಕೂಸು ಕಾಲು ಮುಂದಾಗಿತ್ತು. ಅಲುಗಾಡಿಸಿ ದವಾಖಾನೆಗೆ ಒಯ್ಯುವ ಹಾಗಿರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವರು ಅಕ್ಕನ ಮುಂದೆ ಮೊಣಕಾಲೂರಿದ್ದರು. ನಾನು ಅಳುತ್ತ ನಿಂತಿದ್ದೆ. "ಸಿಸ್ಟರ್, ಹೊರಗ ಹೋಗಿ ಅಳು, ಒಳಗ ನೀರು ತಾ," ಎಂದು ಗದರಿದರು. ಹೆಣ್ಣು ಹುಟ್ಟಿತು, ಅತ್ತಿತು, ಬದುಕಿತು. ನಮ್ಮವ್ವ ಬಾಯಾರ ಕಾಲು ಹಿಡಿಯಲು ಹೋದಳು. ಆಕೆಯ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು: ಕಾಗದ ಸುಟ್ಟಿದ್ದಕ್ಕೇ ಕೂಸು ಉಳಿಯಿತು. ಸಾಯುವವರೆಗೂ ಆಕೆ ಹಾಗೆಯೇ ನಂಬಿದ್ದಳು.

ಐದನೆಯ ದಿನದ ಪೂಜೆ, ಐದೇಸಿ ಮುಗಿಯಲಿ ಎಂದೆ. ಆಮೇಲೆ ತೊಟ್ಟಿಲ ಕಾರ್ಯ ಮುಗಿಯಲಿ ಎಂದೆ. ಬಾಯಾರು ದಿನಾ ಸಂಜೆ, "ಟಪಾಲು ಏನರ ಬಂತೇನು?" ಎಂದು ಕೇಳುವರು. ನಾನು ಇಲ್ಲವೆನ್ನುವೆ. ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಲ್ಲಿ ಹಾಕಿದ ಮೇಲೆ ಅವರ ಖೋಲಿಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತು, ಎಲ್ಲ ಹೇಳಿದೆ.

ಅವರು ಕೇಳಿದ್ದು ಒಂದೇ. "ಮ್ಯಾಲಿನ ಅಕ್ಷರ ಹೆಂಗಿದ್ದುವು? ಸಣ್ಣವು? ದೊಡ್ಡವು? ವಾರಿ ಬರದಿದ್ರೇನು? ತಂಗಿ ವಾರಿ ಬರೀತಾಳ."

ನನಗೆ ನೆನಪಿರಲಿಲ್ಲ. ಕಣ್ಣು ಮುಚ್ಚಿದರೆ ಕರಿ ಪಟ್ಟಿಯೊಂದೇ ಕಾಣುತ್ತಿತ್ತು, ಒಳಗಿನ ಅಕ್ಷರ ಒಂದೂ ಇಲ್ಲ.

"ನಾನೂ ಬಾಳ ಕಾಗದಾ ಸುಟ್ಟೇನಿ," ಎಂದರು. "ಓದಲಾರದ್ದು ಒಂದೂ ಇಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮರುದಿನ ಪರದೇಶಕ್ಕೆ ಹಾಕುವ ನೀಲಿ ಅಂತರ್ದೇಶಿಯಂಥ ಕಾಗದ ತಂದು ಕಟ್ಟೆಯ ಮೇಲೆ ಕುಳಿತರು. ಪೆನ್ನು ಹಿಡಿದೇ ಇದ್ದರು. ಅಕ್ಕಿ ಹಸನು ಮಾಡುತ್ತಿದ್ದ ನಾನು ಒಂದು ಮೊರ ಮುಗಿಸಿದೆ, ಎರಡು ಮೊರ ಮುಗಿಸಿದೆ. ಒಂದಕ್ಷರವೂ ಬಿದ್ದಿರಲಿಲ್ಲ.

"ಏನಾತ್ರಿ ಬಾಯಾರ?"

"ಮೊದಲ ಸಾಲು ಬರವಲ್ಲದು. 'ಅವ್ವಾ' ಅಂತ ಬರೀಲೋ, 'ತಂಗೀ' ಅಂತ ಬರೀಲೋ? ಯಾರು ಸತ್ತೀರಿ ಅಂತ ಯಾರನ್ನ ಕೇಳ್ಲಿ?"

ನಾನು ಮೊರ ಬಿಟ್ಟು ಎದ್ದುಹೋದೆ. ಹಿತ್ತಲಿನಲ್ಲಿ ನಿಂತು ಅತ್ತೆ. ತಿರುಗಿ ಬಂದಾಗ, ಮೇಲೆ ಯಾರ ಹೆಸರನ್ನೂ ಹಾಕದೆ ನಾಲ್ಕು ಸಾಲು ಬರೆದು ಅಂಟಿಸಿದ್ದರು.

ಉತ್ತರ ಬರಲಿಲ್ಲ. ಯುಗಾದಿ ಹೋಯಿತು. ಬಿಸಿಲು ಏರಿತು. ಅವರು ಪ್ರಯಾಣದ ಮಾತನ್ನೇ ಬಿಟ್ಟುಬಿಟ್ಟರು. ಎಂಬತ್ತು ಮುಟ್ಟಿದ ಅವ್ವ, ನಲವತ್ತೆರಡರ ತಂಗಿ. ಕರಿ ಅಂಚಿನ ಕಾಗದ ಯಾರದೆಂದು ಯಾರಾದರೂ ಹೇಳಬಹುದಿತ್ತು. "ಅವ್ವ ಇಲ್ಲದ ಮನಿಗೆ ನಾ ಯಾಕ ಹೋಗ್ಲಿ? ತಂಗಿಗೆ ನನ್ನ ಮಾರಿನೂ ನೆನಪಿರಲಿಕ್ಕಿಲ್ಲ," ಎಂದರು. ಕಾಗದಪತ್ರ ತಯಾರಾಗಿವೆಯೆಂದು ಮುಂಬೈಯಿಂದ ತಿಳಿಸಿದಾಗಲೂ ಅಲುಗಲಿಲ್ಲ. ಹಳ್ಳಿ, ಬಸ್ಸು, ಬ್ಲೇಡು ಕುದಿಸುವುದು. ಆದರೆ ಕೈ ತೊಳೆಯುವಾಗ ಹಾಡುವುದು ನಿಂತುಹೋಗಿತ್ತು. ತುಟಿ ಮಾತ್ರ ಆಡುತ್ತಿತ್ತು.

ವೈಶಾಖದಲ್ಲಿ ನಾವು ತಂಗಡಗಿಗೆ ಹೋದೆವು. ಕೃಷ್ಣೆ ಬತ್ತಿ ಬಂಡೆಗಳು ಎದ್ದು ಕಾಣುತ್ತಿದ್ದವು. ಅಲ್ಲಿನ ಸೂಲಗಿತ್ತಿ ಗೌರವ್ವ, ಹಲ್ಲಿಲ್ಲದ ಮುದುಕಿ, ಬಾಯಾರಿಗೆ ಮೊದಲಿನಿಂದಲೂ ಗೆಳತಿ. ಕೆಲಸ ಮುಗಿದ ಮೇಲೆ ಆಕೆ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು, "ಯಾಕವಾ, ಮಾರಿ ಬತ್ತೇತಿ?" ಎಂದಳು. ಬಾಯಾರು ಹೇಳಲಿಲ್ಲ. ನಾನು ಹೇಳಿದೆ. ಕಾಗದ ಬಂದದ್ದು, ನಾನು ಸುಟ್ಟದ್ದು, ಇವರು ಬರೆದದ್ದು, ಎರಡೂವರೆ ತಿಂಗಳಾದರೂ ಉತ್ತರ ಬಾರದ್ದು.

ಗೌರವ್ವ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. "ಓದಾಕ ಬರಿಯಾಕ ಬರೂದು ಯಾರಿಗೆ?"

"ತಂಗಿಗೆ."

"ತಂಗಿ ಉಳದಿದ್ರ ಇಷ್ಟೊತ್ತಿಗೆ ಬರೀತಿದ್ಲಲ್ಲವಾ. ನನ್ನ ಮಗಳು ಸೊಲ್ಲಾಪುರದಿಂದ ಬರೀತಾಳ. ನಾ ಒಂದರ ಉತ್ತರಾ ಕಳಿಸೇನೇನು? ಆಕಿ ಕಾಗದಾ ತಿಂಗಳಗಟ್ಟಲೆ ಜಂತ್ಯಾಗ ಇರತಾವು, ಓದಿ ಹೇಳಾಕ ಯಾರೂ ಸಿಗೂದಿಲ್ಲ. ಬರೀಲಾರದಾಕಿನ ಉಳದಾಳವಾ. ನಿಮ್ಮವ್ವ ಉಳದಾಳ."

ಬಾಯಾರು ಎದ್ದು ನಿಂತರು. ಅಷ್ಟು ಓದಿದ, ನಾಲ್ಕು ಭಾಷೆ ಬಲ್ಲ, ದಂಡಿನ ಕಣ್ಣು ತಪ್ಪಿಸಿ ತಿರುಗಾಡಿದ ಹೆಂಗಸಿಗೆ ಹೊಳೆಯದೆ ಹೋದದ್ದು ಈ ಮುದುಕಿಗೆ ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಹೊಳೆದಿತ್ತು. "ಬಸ್ಸು ಎಷ್ಟಕ್ಕ ಐತಿ?" ಎಂದರು. ಎರಡು ತಾಸು ಇತ್ತು. ಕಾಯಲಿಲ್ಲ. ನೆತ್ತಿಯ ಮೇಲೆ ಬಿಸಿಲು, ಮುದ್ದೇಬಿಹಾಳದ ದಾರಿ ಹಿಡಿದು ನಡೆದೇಬಿಟ್ಟರು. ನಾನು ಅವರ ಚೀಲ ಹೊತ್ತು ಹಿಂದೆ ಓಡಿದೆ.

ಎಂಟು ದಿನದೊಳಗೆ ಹೊರಟರು. ನಮ್ಮವ್ವ ಅಷ್ಟು ದಿನ ಅವರ ಮುಖ ತಪ್ಪಿಸಿ ಓಡಾಡುತ್ತಿದ್ದವಳು, ಅವತ್ತು ಮಣೆ ಹಾಕಿ ಕೂಡ್ರಿಸಿ, ಖಣ, ತೆಂಗಿನಕಾಯಿ, ಅಕ್ಕಿ ಹಾಕಿ ಉಡಿ ತುಂಬಿದಳು. ಅಂಗಿಗೆ ಉಡಿ ಎಲ್ಲಿಂದ ಬರಬೇಕು? ಎರಡೂ ಕೈಯಿಂದ ಅಂಗಿಯ ಮುಂಭಾಗ ಎತ್ತಿ ಹಿಡಿದುಕೊಂಡು ಕುಳಿತಿದ್ದರು. "ತಪ್ಪಾತವಾ," ಎಂದಳು ನಮ್ಮವ್ವ. ಬಾಯಾರು ಆಕೆಯ ತಲೆ ಸವರಿದರು. ಇಂಡಿ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತುವಾಗ ನನಗೆ, "ಬರೀತೇನಿ" ಎಂದರು. ರೈಲು ಹೋದ ಮೇಲೂ ನಾನು ಬಹಳ ಹೊತ್ತು ಅಲ್ಲಿಯೇ ನಿಂತಿದ್ದೆ.

ದಸರೆಯ ಹೊತ್ತಿಗೆ ಬರೆದರು. ಇಂಗ್ಲಿಷಿನಲ್ಲಿ, ನನಗೆ ತಿಳಿಯಲೆಂದು ಸಣ್ಣ ಸಣ್ಣ ವಾಕ್ಯದಲ್ಲಿ. ಗೌರವ್ವ ಹೇಳಿದ್ದು ಖರೆ ಆಗಿತ್ತು. ಸತ್ತದ್ದು ತಂಗಿ. ನಾನು ಸುಟ್ಟ ಕಾಗದವನ್ನು ಕಳಿಸಿದವರು ಅವಳ ಜೊತೆ ಗಿರಣಿಯಲ್ಲಿ ದುಡಿಯುತ್ತಿದ್ದ ಹೆಂಗಸರು. ಅಚ್ಚು ಹಾಕಿಸಿದ ಸಾವಿನ ಕಾಗದದ ಕೆಳಗೆ ಕೈಯಿಂದ ಒಂದು ಸಾಲು ಸೇರಿಸಿದ್ದರಂತೆ: ನಿಮ್ಮ ತಾಯಿ ಒಬ್ಬರೇ ಇದ್ದಾರೆ, ದಿನಾ ನಿಮ್ಮನ್ನು ಕೇಳುತ್ತಾರೆ, ಬೇಗ ಬನ್ನಿ.

ಯುಗಾದಿಯ ಸುಮಾರಿಗೆ, ಅಂದರೆ ಬಾಯಾರು ಇಲ್ಲಿ ಕಟ್ಟೆಯ ಮೇಲೆ ಕುಳಿತು ಉತ್ತರ ಕಾಯುತ್ತಿದ್ದ ದಿನಗಳಲ್ಲಿ, ಅವರ ಅವ್ವನಿಗೆ ನೆನಪು ಹೋಯಿತಂತೆ. ಅಲ್ಲಿಯವರೆಗೆ ಎಲ್ಲ ಗುರುತಿತ್ತು. ಬಾಯಾರು ಇದನ್ನು ದೂರೆಂದು ಬರೆದಿರಲಿಲ್ಲ. ಕಾಯಿಲೆಯ ವಿವರ ಎಂಬಂತೆ, ಒಬ್ಬ ನರ್ಸು ಇನ್ನೊಬ್ಬಳಿಗೆ ಬರೆಯುವ ಹಾಗೆ ಬರೆದಿದ್ದರು. ತಿಂಗಳು ಎಣಿಸಲು ಮಾತ್ರ ನನಗೂ ಬರುತ್ತದೆ. ಈ ಐವತ್ತು ವರ್ಷ ಎಣಿಸುತ್ತಲೇ ಇದ್ದೇನೆ.

ಕಾಗದದ ಕೊನೆಯ ಸಾಲುಗಳು ಇಂಗ್ಲಿಷಿನಲ್ಲಿದ್ದರೂ ನನಗೆ ಕೇಳಿಸಿದ್ದು ಅವರ ಸೂಲಗಿತ್ತಿಯರ ಕನ್ನಡದಲ್ಲಿ:

"ಅವ್ವ ನನ್ನನ್ನ ತಂಗಿ ಅಂತ ತಿಳಕೊಂಡಾಳ. ತಂಗಿ ಹೆಸರ ಹಿಡದ ಕರೀತಾಳ. ನಾ 'ಓ' ಅಂತೇನಿ. ದಿನಾ ಸಂಜಿಗೆ ಬಾಗಲಾಗ ಕುರ್ಚಿ ಹಾಕಸಕೊಂಡು ಕುಂದರತಾಳ. 'ನಿಮ್ಮ ಅಕ್ಕ ಬರತೇನಿ ಅಂತ ಬರದಿದ್ಲಲ್ಲಾ, ಯಾಕಿನ್ನೂ ಬಂದಿಲ್ಲ?' ಅಂತ ಕೇಳತಾಳ. ನಾ ಬಾಜೂಕ ಕುಂತು ಕೈ ಹಿಡದು ಹೇಳತೇನಿ: 'ದೂರ ಐತಲ್ಲವಾ. ಬರ್ತಾಳ.'"